ಗೈಡ್ ಇಲ್ದೆ ಮೊದಲ ಎಲ್ಕ್ ಬೇಟೆ: ಮಾಂಸ ಹೊರೋ ಲೆಕ್ಕದಿಂದ ಶುರು ಮಾಡಿ

ಪ್ರಶ್ನೆ: ಸರ್, ನಮ್ಮೂರು ಸೋಮವಾರಪೇಟೆ ಕಡೆ, ಈಗ ಮೂರು ವರ್ಷದಿಂದ ಕೊಲೊರಾಡೊದ ಅರೋರಾದಲ್ಲಿ ಇದೀನಿ, ಎಚ್-1ಬಿ ವೀಸಾ. ಆಫೀಸಲ್ಲಿ ಒಬ್ರು ಪ್ರತಿ ವರ್ಷ ಎಲ್ಕ್ ಮಾಂಸ ತಂದು ಕೊಡ್ತಾರೆ, ಅವರನ್ನ ನೋಡಿ ನಂಗೂ ಆಸೆ ಆಗಿದೆ. ಗೈಡ್ ಇಟ್ಕೊಳ್ಳೋಷ್ಟು ದುಡ್ಡಿಲ್ಲ, ಪಬ್ಲಿಕ್ ಲ್ಯಾಂಡಲ್ಲಿ ನಾವೇ ಹೋಗೋಣ ಅಂತ. ಡಲ್ಲಾಸ್‌ನಿಂದ ನನ್ನ ಫ್ರೆಂಡ್ ಒಬ್ಬ ಬರ್ತಾನೆ, ಅವನಿಗೆ ಗ್ರೀನ್ ಕಾರ್ಡ್ ಇದೆ. ಇಬ್ರೂ ಇಲ್ಲಿ ಯಾವತ್ತೂ ಬೇಟೆ ಆಡಿಲ್ಲ. ಯಾವ ಜಾಗ, ಯಾವ ರೈಫಲ್, ಎಷ್ಟು ಖರ್ಚು, ಎಲ್ಲಿಂದ ಶುರು ಮಾಡ್ಬೇಕು ಹೇಳ್ತೀರಾ?

ಉತ್ತರ:

ಜಾಗ, ರೈಫಲ್ ಎರಡೂ ಆಮೇಲೆ ನೋಡೋಣ, ಮೊದ್ಲು ಒಂದು ಲೆಕ್ಕ ಹಾಕಿ. ಎಲ್ಕ್ ಅಂದ್ರೆ ನಮ್ಮ ಕಡವೆಯ ನೆಂಟ, ಆದ್ರೆ ಗಾತ್ರ ಇನ್ನೂ ದೊಡ್ಡದು. ಬೆಳೆದ ಹೆಣ್ಣು ಸುಮಾರು 225 ಕೆಜಿ, ಗಂಡು 300 ಕೆಜಿ ದಾಟುತ್ತೆ. ಚರ್ಮ, ಕರುಳು, ಮೂಳೆ ಎಲ್ಲಾ ಬಿಟ್ರೂ ಹೆಣ್ಣಲ್ಲಿ 60-70 ಕೆಜಿ, ಗಂಡಲ್ಲಿ 90 ಕೆಜಿ ಹತ್ರ ಬರೀ ಮಾಂಸ ಸಿಗುತ್ತೆ. ಇದನ್ನ ಬೆನ್ನ ಮೇಲೆ ಹೊತ್ಕೊಂಡು ಕಾರಿನ ತನಕ ತರ್ಬೇಕು, ಜೀಪು ಬರಲ್ಲ, ಊರಿನ ಹುಡುಗ್ರು ಹತ್ತು ಜನ ಬಂದು ಕಂಬಕ್ಕೆ ಕಟ್ಟಿ ಎತ್ಕೊಂಡು ಹೋಗಲ್ಲ. ಒಬ್ಬ ಮನುಷ್ಯ ನಾಲ್ಕು ಹೊರೆ ಮಾಡಿದ್ರೆ, ಪ್ರಾಣಿ ಬಿದ್ದ ಜಾಗದಿಂದ ಕಾರಿಗೆ ನಾಲ್ಕು ಸಲ ಹೊತ್ಕೊಂಡು ಬರ್ಬೇಕು, ಮಧ್ಯ ಮೂರು ಸಲ ಖಾಲಿ ಕೈಲಿ ವಾಪಸ್ ಹೋಗ್ಬೇಕು. ಮೂರು ಮೈಲಿ ಒಳಗೆ ಹೊಡೆದ್ರೆ 21 ಮೈಲಿ ನಡಿಗೆ ಆಯ್ತು, ಅದೂ ಹತ್ತು ಸಾವಿರ ಅಡಿ ಎತ್ತರದಲ್ಲಿ. ಇಬ್ರು ಇದ್ದು ಎರಡು ಮೈಲಿ ಒಳಗೆ ಹೊಡೆದ್ರೆ ತಲಾ ಆರು ಮೈಲಿ, ಒಂದು ದಿನದಲ್ಲಿ ಮುಗಿಯುತ್ತೆ. ಯಾವ ಜಾಗ, ಯಾವ ತಿಂಗಳು, ಎಷ್ಟು ಒಳಗೆ ಹೋಗ್ಬೇಕು, ಗಂಡಿಗೆ ಟ್ಯಾಗ್ (ಒಂದು ಪ್ರಾಣಿ ಹೊಡೆಯೋಕೆ ಸಿಗೋ ಪರ್ಮಿಟ್) ಹಾಕ್ಬೇಕಾ ಹೆಣ್ಣಿಗಾ, ಎಲ್ಲಾ ಪ್ರಶ್ನೆಗೂ ಈ ಲೆಕ್ಕ ಇಟ್ಕೊಂಡೇ ಉತ್ರ ಹುಡುಕಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಮೊದಲನೇ ಎಲ್ಕ್ ಹೊಡೆದಿದ್ದು ಒಬ್ನೇ ಹೋಗಿ, ರಸ್ತೆಯಿಂದ ನಾಲ್ಕು ಮೈಲಿ ದೂರ, ಮಧ್ಯಾಹ್ನ ಒಳ್ಳೆ ಬಿಸಿಲಿತ್ತು. ಚರ್ಮ ತೆಗೆಯೋಕೇ ಐದು ಗಂಟೆ ಹಿಡೀತು, ಎರಡು ಹೊರೆ ತರೋಷ್ಟರಲ್ಲಿ ರಾತ್ರಿ, ಮಾರನೇ ದಿನ ವಾಪಸ್ ಹೋದಾಗ ಒಂದು ಹಿಂದಿನ ತೊಡೆ ಮೂಳೆ ಹತ್ರ ಹುಳಿ ವಾಸನೆ ಬಂದು ಕೆಟ್ಟುಹೋಗಿತ್ತು. ಅಷ್ಟು ದೊಡ್ಡ ಜೀವ ತೆಗೆದು ಇಪ್ಪತ್ತು ಕೆಜಿಗೂ ಜಾಸ್ತಿ ಮಾಂಸ ಹಾಳು ಮಾಡಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ನಿಮಗೆ ಹಾಗಾಗ್ಬಾರ್ದು ಅಂತಲೇ ಇಷ್ಟುದ್ದ ಬರೀತಿದೀನಿ.

ಈಗ ನಿಮ್ಮ ವೀಸಾ ವಿಷಯ. ನೀವು ಕೇಳಿಲ್ಲ, ಆದ್ರೆ ಇದು ತಪ್ಪಿದ್ರೆ ಬೇಟೆ ಹಾಗಿರ್ಲಿ, ಅಮೆರಿಕಾದಲ್ಲಿ ಇರೋದಕ್ಕೇ ಕುತ್ತು. ಇಲ್ಲಿನ ಫೆಡರಲ್ ಕಾನೂನು ಪ್ರಕಾರ ಎಚ್-1ಬಿ, ಎಲ್-1, ಎಫ್-1, ಎಚ್-4 ತರದ ವೀಸಾ ಮೇಲೆ ಬಂದವರು ಬಂದೂಕು, ತೋಟಾ ಎರಡನ್ನೂ ಇಟ್ಕೊಳ್ಳೋ ಹಾಗಿಲ್ಲ. ಅದಕ್ಕೆ ಇರೋ ಕೆಲವು ವಿನಾಯಿತಿಗಳಲ್ಲಿ ಒಂದು ಅಂದ್ರೆ ಯಾವುದಾದ್ರೂ ರಾಜ್ಯ ಕೊಟ್ಟಿರೋ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ರ ಇರೋದು, ಅದರ ಅವಧಿ ಮುಗಿದಿರಬಾರ್ದು. ಹಾಗಾಗಿ ಲೈಸೆನ್ಸ್ ಕೈಗೆ ಬರೋ ಮುಂಚೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಗನ್ ಕೂಡ ಮುಟ್ಬೇಡಿ, ಫ್ರೆಂಡ್ ಮನೇಲಿ ಫೋಟೋಗೆ ಅಂತಲೂ ಹಿಡೀಬೇಡಿ. ಮಾಡ್ಬೇಕಾಗಿರೋ ಕ್ರಮ ಹೀಗೆ: ಮೊದ್ಲು ಹಂಟರ್ ಎಜುಕೇಶನ್ ಕೋರ್ಸ್, 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ರಿಗೂ ಕೊಲೊರಾಡೊದಲ್ಲಿ ಇದು ಕಡ್ಡಾಯ. ಕೋರ್ಸಲ್ಲಿ ಬಂದೂಕು ಹಿಡಿಯೋ ಭಾಗ ಇದ್ರೆ ಮೊದ್ಲೇ ಇನ್‌ಸ್ಟ್ರಕ್ಟರ್‌ಗೆ ವೀಸಾ ಬಗ್ಗೆ ಹೇಳಿ ಹೇಗೆ ಮಾಡೋದು ಅಂತ ಕೇಳ್ಕೊಳ್ಳಿ. ಆಮೇಲೆ ವರ್ಷದ ಸ್ಮಾಲ್ ಗೇಮ್ ಲೈಸೆನ್ಸ್ ತಗೊಳ್ಳಿ, ಮೊಲ ಅಳಿಲಿಗೆ ಸಾಕಾಗೋ ಸಣ್ಣ ಲೈಸೆನ್ಸ್ ಅದು, ಆದ್ರೆ ನಿಮಗೆ ಅದು ಎರಡು ಕೆಲ್ಸ ಮಾಡುತ್ತೆ, ಬಂದೂಕಿನ ವಿನಾಯಿತಿಗೂ ಆಗುತ್ತೆ, ಎಲ್ಕ್ ಡ್ರಾಗೆ, ಅಂದ್ರೆ ಟ್ಯಾಗಿನ ಲಾಟರಿಗೆ, ಅರ್ಜಿ ಹಾಕೋಕೆ ಬೇಕಾದ ಕ್ವಾಲಿಫೈಯಿಂಗ್ ಲೈಸೆನ್ಸೂ ಅದೇ. ಲೈಸೆನ್ಸ್ ವರ್ಷ ಮಾರ್ಚ್ ಕೊನೆಗೆ ಮುಗಿಯುತ್ತೆ, ಮನೇಲಿ ರೈಫಲ್ ಇಟ್ಕೊಂಡು ರಿನ್ಯೂ ಮಾಡೋದು ಮರೆತ್ರೆ ಏಪ್ರಿಲ್ ಒಂದನೇ ತಾರೀಕಿಂದ ನೀವು ಅಪರಾಧಿ. ಇದೊಂದು ವಿಷಯಕ್ಕೆ ಇಮಿಗ್ರೇಶನ್ ಲಾಯರ್ ಹತ್ರ ಅರ್ಧ ಗಂಟೆ ಮಾತಾಡಿ, ಆ ಫೀಸು ದಂಡ ಅಲ್ಲ. ನಿಮ್ಮ ಫ್ರೆಂಡಿಗೆ ಗ್ರೀನ್ ಕಾರ್ಡ್ ಇರೋದ್ರಿಂದ ಈ ತೊಡಕಿಲ್ಲ.

ಕೊಡಗಿನವರಿಗೆ ಇದು ವಿಚಿತ್ರ ಅನ್ಸುತ್ತೆ, ಗೊತ್ತು. ಕೈಲ್ ಪೊಳ್ದ್ ದಿನ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯೋದು ನೋಡ್ಕೊಂಡು ಬೆಳೆದವರು ನೀವು. ಆದ್ರೆ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ನಮ್ಮ ಕಡೆ ಬೇಟೆ ನಿಂತೋಯ್ತು, ನಿಲ್ಲಲೇಬೇಕಿತ್ತು, ಅಷ್ಟು ಕಮ್ಮಿ ಆಗಿತ್ತು ಪ್ರಾಣಿ. ಇಲ್ಲೂ ಅದೇ ಕತೆ ಆಗಿತ್ತು, 1900ರ ಆಸುಪಾಸಲ್ಲಿ ಇಡೀ ಕೊಲೊರಾಡೊದಲ್ಲಿ ಉಳಿದಿದ್ದು ಸಾವಿರದ ಆಸುಪಾಸು ಎಲ್ಕ್, ವಯೋಮಿಂಗ್‌ನಿಂದ ತಂದು ಬಿಟ್ಟು, ಲೈಸೆನ್ಸು ಸೀಸನ್ನು ಅಂತ ಕಟ್ಟುನಿಟ್ಟು ಮಾಡಿ ಬೆಳೆಸಿದ್ರು. ಈಗ 2.8 ಲಕ್ಷದ ಹತ್ರ ಇದೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಬಂದೂಕು, ತೋಟಾ ಮೇಲೆ ಫೆಡರಲ್ ತೆರಿಗೆ ಇದೆ, 1937ರ ಕಾನೂನಿನ ಪ್ರಕಾರ ಅದು ಮತ್ತೆ ಲೈಸೆನ್ಸ್ ದುಡ್ಡು ಸೇರಿ ಕಾಡಿನ ಕೆಲ್ಸಕ್ಕೇ ಹೋಗುತ್ತೆ. ನೀವು ಕಟ್ಟೋ ಪ್ರತಿ ಡಾಲರ್ ಹಿಂದೆ ಇದಿದೆ, ಅದಕ್ಕೇ ರೂಲ್ಸ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಊರಲ್ಲಿ ಹಿರಿಯರು ಹೇಳ್ತಿದ್ದ ಈಡಿನ ಕತೆಗಳಲ್ಲಿ ಸೋವು (ಗದ್ದಲ ಮಾಡಿ ಪ್ರಾಣಿ ಓಡಿಸೋದು) ಇರ್ತಿತ್ತು, ನಾಯಿ ಇರ್ತಿತ್ತು, ರಾತ್ರಿ ತಲೆಗೆ ಬ್ಯಾಟ್ರಿ ಕಟ್ಕೊಂಡು ಹೋಗೋದಿತ್ತು. ಇಲ್ಲಿ ಎಲ್ಕಿಗೆ ನಾಯಿ ಬಿಡೋ ಹಾಗಿಲ್ಲ, ಲೈಟ್ ಹಾಕೋ ಹಾಗಿಲ್ಲ, ಉಪ್ಪು ಮೇವು ಇಟ್ಟು ಕಾಯೋ ಹಾಗಿಲ್ಲ, ಡ್ರೋನ್ ಹಾರಿಸಿ ನೋಡೋ ಹಾಗೂ ಇಲ್ಲ. ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚೆಯಿಂದ ಮುಳುಗಿದ ಅರ್ಧ ಗಂಟೆವರೆಗೆ ಮಾತ್ರ ಗುಂಡು. ರೈಫಲ್ ಸೀಸನ್ನಲ್ಲಿ ಸೊಂಟದ ಮೇಲೆ ಕಣ್ಣಿಗೆ ಹೊಡೆಯೋ ಕೇಸರಿ ಅಥವಾ ಪಿಂಕ್ ಬಟ್ಟೆ 500 ಚದರ ಇಂಚು ಇರ್ಬೇಕು, ಟೋಪಿನೂ ಅದೇ ಬಣ್ಣ, ಎಲ್ಲಾ ಕಡೆಯಿಂದ ಕಾಣೋ ಹಾಗೆ.

ಟ್ಯಾಗ್ ವಿಷಯಕ್ಕೆ ಬರೋಣ. ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಇಡೀ ರಾಜ್ಯವನ್ನ ಯುನಿಟ್‌ಗಳಾಗಿ ಭಾಗ ಮಾಡಿದೆ, ಪ್ರತಿಯೊಂದಕ್ಕೂ ನಂಬರ್ ಇದೆ. ಕೆಲವು ಟ್ಯಾಗ್ ಲಾಟರಿ ತರ ಡ್ರಾದಲ್ಲಿ ಬರುತ್ತೆ, ಅರ್ಜಿ ಏಪ್ರಿಲ್ ಮೊದಲ ವಾರದಲ್ಲಿ ಮುಚ್ಚುತ್ತೆ. ಇನ್ನು ಕೆಲವು ಓಟಿಸಿ, ಅಂದ್ರೆ ಆಗಸ್ಟಿಂದ ಅಂಗಡೀಲಿ ದುಡ್ಡು ಕೊಟ್ಟು ತಗೊಳ್ಳೋದು. ಎರಡನೇ ಮತ್ತೆ ಮೂರನೇ ರೈಫಲ್ ಸೀಸನ್ನಲ್ಲಿ ಬಹಳ ಯುನಿಟ್‌ಗಳಿಗೆ ಗಂಡು ಎಲ್ಕಿನ ಓಟಿಸಿ ಟ್ಯಾಗ್ ಸಿಗ್ತಾ ಬಂದಿದೆ, ಹೊರರಾಜ್ಯದವರಿಗೂ ಸೇರಿ. ಆದ್ರೆ ಇದು ಬದಲಾಗ್ತಾ ಇರುತ್ತೆ, 2025ರಿಂದ ಹೊರಗಿನವರಿಗೆ ಪಶ್ಚಿಮದ ಯುನಿಟ್‌ಗಳಲ್ಲಿ ಬಿಲ್ಲಿನ ಸೀಸನ್ ಓಟಿಸಿ ಟ್ಯಾಗ್ ನಿಲ್ಲಿಸಿಬಿಟ್ರು, ಹಾಗಾಗಿ ಹಳೇ ವಿಡಿಯೋ ನೋಡಿ ಪ್ಲಾನ್ ಮಾಡ್ಬೇಡಿ, ಆ ವರ್ಷದ ಬಿಗ್ ಗೇಮ್ ಬ್ರೋಷರ್ ಇಳಿಸ್ಕೊಂಡು ನಿಮ್ಮ ಯುನಿಟ್ಟಿನ ಸಾಲು ಬೆರಳಿಟ್ಟು ಓದಿ.

ನನ್ನ ಸಲಹೆ ಏನಪ್ಪಾ ಅಂದ್ರೆ, ನೀವು ಡ್ರಾದಲ್ಲಿ ಹೆಣ್ಣು ಎಲ್ಕಿನ ಟ್ಯಾಗಿಗೆ ಹಾಕಿ. ಇಲ್ಲಿ ಆರು ತಿಂಗಳು ಬಿಡದೆ ಇದ್ದವರು ರೆಸಿಡೆಂಟ್ ಲೆಕ್ಕ, ನಿಮಗೆ ಟ್ಯಾಗ್ 100 ಡಾಲರ್ ಒಳಗೆ ಮುಗಿಯುತ್ತೆ, ಪಾಯಿಂಟ್ (ಹಿಂದಿನ ವರ್ಷಗಳ ಡ್ರಾದಲ್ಲಿ ಟ್ಯಾಗ್ ಸಿಗದೆ ಸೇರೋ ಅಂಕ) ಇಲ್ದೇನೂ ಸಿಗೋ ಯುನಿಟ್ ಬೇಕಾದಷ್ಟಿದೆ. ಡಲ್ಲಾಸ್ ಫ್ರೆಂಡಿಗೆ ಗಂಡಿನ ಟ್ಯಾಗ್ ಅಂದ್ರೆ 800 ಡಾಲರ್ ಮೇಲೆ ಬೀಳುತ್ತೆ, ಅದರ ಬದ್ಲು ಅವನೂ ಹೆಣ್ಣಿನ ಟ್ಯಾಗಿಗೇ ಗ್ರೂಪ್ ಅರ್ಜಿಯಲ್ಲಿ ನಿಮ್ಮ ಜೊತೆ ಹಾಕ್ಬೋದು, ಸಿಕ್ಕಿದ್ರೆ ಇಬ್ರಿಗೂ, ಇಲ್ದಿದ್ರೆ ಇಬ್ರಿಗೂ ಇಲ್ಲ. ನನ್ನ ಕೇಳಿದ್ರೆ ಮೊದಲ ವರ್ಷ ಅವನು ಟ್ಯಾಗ್ ಇಲ್ದೆ ಬರ್ಲಿ, ಹೊರೋಕೆ, ಕಣ್ಣಿಡೋಕೆ, ಅಡುಗೆಗೆ. ಇಬ್ರಿಗೂ ಟ್ಯಾಗ್ ಇದ್ದು ಇಬ್ರೂ ಒಂದೇ ಬೆಳಿಗ್ಗೆ ಹೊಡೆದ್ರೆ ಎರಡು ಎಲ್ಕ್ ನೆಲದ ಮೇಲೆ, ಕತ್ತರಿಸಿ ಗೊತ್ತಿಲ್ಲದ ಎರಡು ಜೋಡಿ ಕೈ. ಹೆಣ್ಣು ಯಾಕೆ ಅಂದ್ರೆ ಹಿಂಡಲ್ಲಿ ಜಾಸ್ತಿ ಇರೋದು ಅವೇ, ಮಾಂಸ ಮೆತ್ತಗೆ, ಹೊರೆ ಕಮ್ಮಿ, ಕೊಂಬಿನ ಲೆಕ್ಕ ನೋಡೋ ತಲೆನೋವಿಲ್ಲ. ಗಂಡಾದ್ರೆ ಬಹಳ ಯುನಿಟ್‌ಗಳಲ್ಲಿ ಒಂದು ಕೊಂಬಿಗೆ ಕನಿಷ್ಠ ನಾಲ್ಕು ಕವಲಿರ್ಬೇಕು ಅಥವಾ ಹುಬ್ಬಿನ ಮೇಲಿನ ಕವಲು ಐದು ಇಂಚು ಇರ್ಬೇಕು, ಬೆಳಗಿನ ಮಬ್ಬಲ್ಲಿ ಮರದ ಸಂದಿಯಿಂದ ಅದನ್ನ ಎಣಿಸೋದು ಹೊಸಬರಿಗೆ ಸುಲಭ ಅಲ್ಲ.

ಯಾವ ಜಾಗ ಅಂತ ನಾನು ಬೆಟ್ಟದ ಹೆಸರು ಹೇಳಲ್ಲ, ಹೇಳಿದ್ರೂ ಉಪಯೋಗ ಇಲ್ಲ, ನೀವೇ ಕಾಲಲ್ಲಿ ಕಲೀಬೇಕಾದ್ದು ಅದು. ಆದ್ರೆ ಹುಡುಕೋ ದಾರಿ ಹೇಳ್ತೀನಿ. ರಾಜ್ಯದ ದೊಡ್ಡ ಹಿಂಡು ಇರೋದು ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್, ಫ್ಲ್ಯಾಟ್ ಟಾಪ್ಸ್ ಕಡೆ, 12, 23, 24ನೇ ಯುನಿಟ್ ಎಲ್ಲಾ ಅಲ್ಲಿ ಬರುತ್ತೆ, ಎಲ್ಕ್ ಜಾಸ್ತಿ, ಜನಾನೂ ಜಾಸ್ತಿ. ಗನ್ನಿಸನ್, ರೌಟ್, ಸ್ಯಾನ್ ವಾನ್ ಕಾಡುಗಳಲ್ಲೂ ಒಳ್ಳೆ ಸಂಖ್ಯೆ ಇದೆ. ಡೆನ್ವರ್ ಕಡೆಯವರು ಎಲ್ಕ್ ಅಂದ ತಕ್ಷಣ ಎಸ್ಟೆಸ್ ಪಾರ್ಕ್ ನೆನೆಸ್ಕೊಳ್ತಾರೆ, ಆದ್ರೆ ಪಕ್ಕದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಒಳಗೆ ಬೇಟೆ ಇಲ್ಲವೇ ಇಲ್ಲ. ನಿಮಗೆ ನನ್ನ ಅಳತೆಗೋಲು ಒಂದೇ: ಅರೋರಾದಿಂದ ನಾಲ್ಕು ಗಂಟೆ ಡ್ರೈವಿಂಗ್ ಒಳಗೆ ಇರೋ ಯುನಿಟ್ ಆರಿಸ್ಕೊಳ್ಳಿ, ಯಾಕಂದ್ರೆ ಜುಲೈ, ಆಗಸ್ಟ್, ಸೆಪ್ಟೆಂಬರಲ್ಲಿ ಮೂರು ವೀಕೆಂಡ್ ಅಲ್ಲಿ ಹೋಗಿ ನಡೆದು ಬಂದ ಸಾಧಾರಣ ಯುನಿಟ್ಟು, ಬರೀ ಮ್ಯಾಪಲ್ಲಿ ನೋಡಿದ ಒಳ್ಳೆ ಯುನಿಟ್ಟಿಗಿಂತ ಮೇಲು. ಇಲಾಖೆಯಲ್ಲಿ ಹಂಟ್ ಪ್ಲ್ಯಾನರ್ ಅಂತ ಇದಾರೆ, ಫೋನ್ ಮಾಡಿದ್ರೆ ಯುನಿಟ್ ಬಗ್ಗೆ ಸಮಾಧಾನವಾಗಿ ಮಾತಾಡ್ತಾರೆ, ನಾಚ್ಕೋಬೇಡಿ. ಎಲ್ಕ್ ಹಂಟಿಂಗ್ ಯೂನಿವರ್ಸಿಟಿ ಅಂತ ಹೊಸಬರಿಗಾಗಿ ಪಾಠಗಳನ್ನೂ ಅವರೇ ಹಾಕಿದಾರೆ, ಫ್ರೀ.

ಮ್ಯಾಪಿಗೆ ಆನ್‌ಎಕ್ಸ್ ಅಥವಾ ಗಾಯಾ ತರದ ಆ್ಯಪ್ ಹಾಕ್ಕೊಂಡು ಮನೇಲೇ ಆಫ್‌ಲೈನ್ ಡೌನ್‌ಲೋಡ್ ಮಾಡಿ, ಬೆಟ್ಟದಲ್ಲಿ ಸಿಗ್ನಲ್ ಇರಲ್ಲ. ಫಾರೆಸ್ಟ್ ಸರ್ವಿಸ್ ಜಾಗ, ಬಿಎಲ್ಎಂ (ಫೆಡರಲ್ ಭೂ ಇಲಾಖೆ) ಜಾಗ ಎರಡೂ ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಕ್ತ, ಆದ್ರೆ ಸ್ಟೇಟ್ ಟ್ರಸ್ಟ್ ಲ್ಯಾಂಡ್ ಅಂತ ನೀಲಿ ಬಣ್ಣದಲ್ಲಿ ಕಂಡ್ರೆ ಎಲ್ಲಾ ಕಡೆ ಹೋಗೋ ಹಾಗಿಲ್ಲ, ಇಲಾಖೆ ಬೇಟೆಗೆ ಅಂತ ಗುತ್ತಿಗೆ ಹಿಡಿದಿರೋ ತುಂಡುಗಳಿಗೆ ಮಾತ್ರ. ಖಾಸಗಿ ಜಮೀನಿಗೆ ಬೋರ್ಡ್ ಇಲ್ಲ, ಬೇಲಿ ಇಲ್ಲ ಅಂತ ನುಗ್ಗಿದ್ರೆ ತಪ್ಪು ನಿಮ್ದೇ, ಗಡಿ ತಿಳ್ಕೊಳ್ಳೋ ಜವಾಬ್ದಾರಿ ಬೇಟೆಗಾರನದು. ಗಾಯ ಆದ ಪ್ರಾಣಿ ಆ ಕಡೆ ದಾಟಿ ಬಿದ್ರೂ ಮಾಲೀಕರ ಒಪ್ಪಿಗೆ ಬೇಕು, ಅದಕ್ಕೇ ಗಡಿಯಿಂದ ಅರ್ಧ ಮೈಲಿ ದೂರ ಇರಿ. ಚೆಸ್ ಬೋರ್ಡ್ ತರ ಖಾಸಗಿ ಜಮೀನಿನ ಮಧ್ಯ ಮೂಲೆಗೆ ಮೂಲೆ ತಾಗಿರೋ ಸಾರ್ವಜನಿಕ ತುಂಡುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಮೂಲೆ ದಾಟೋ ಬಗ್ಗೆ ವಯೋಮಿಂಗ್ ಕೇಸಲ್ಲಿ 2025ರ ಮಾರ್ಚ್‌ನಲ್ಲಿ 10ನೇ ಸರ್ಕಿಟ್ ಫೆಡರಲ್ ಅಪೀಲು ಕೋರ್ಟ್ ಬೇಟೆಗಾರರ ಪರ ತೀರ್ಪು ಕೊಡ್ತು, ಒಳ್ಳೇದೇ ಆಯ್ತು, ಆದ್ರೂ ವೀಸಾ ಮೇಲಿರೋವ್ರು ಮೊದಲ ವರ್ಷವೇ ಅಂಥ ಜಾಗಕ್ಕೆ ಹೋಗೋದು ಬೇಡ. ವಿಲ್ಡರ್‌ನೆಸ್ ಅಂತ ಗುರುತಾಗಿರೋ ಕಡೆ ಗಾಡಿ ಬಿಡಿ, ಮಾಂಸ ತಳ್ಳೋ ಚಕ್ರದ ಗಾಡಿ ಕೂಡ ನಿಷಿದ್ಧ, ಎಲ್ಲಾ ಬೆನ್ನ ಮೇಲೇ ಬರ್ಬೇಕು.

ಎಲ್ಕ್ ಎಲ್ಲಿರುತ್ತೆ ಅನ್ನೋದನ್ನ ಅದರ ದಿನಚರಿ ಹೇಳುತ್ತೆ. ರಾತ್ರಿ ಮತ್ತೆ ಬೆಳಗಿನ ಜಾವ ಹುಲ್ಲುಗಾವಲಲ್ಲಿ ಮೇಯುತ್ತೆ, ಬಿಸಿಲೇರೋ ಮುಂಚೆ ಉತ್ತರಕ್ಕೆ ಮುಖ ಮಾಡಿರೋ ಇಳಿಜಾರಿನ ದಟ್ಟ ಸ್ಪ್ರೂಸ್, ಫರ್ ಮರಗಳ ಒಳಗೆ ಹೋಗಿ ಮಲಗುತ್ತೆ, ತಂಪಾಗಿರುತ್ತೆ ಅಂತ. ಸಂಜೆ ಮತ್ತೆ ಹೊರಗೆ. ಮ್ಯಾಪಲ್ಲಿ ಮೊದ್ಲು ಹುಲ್ಲುಗಾವಲು ಗುರುತು ಮಾಡಿ, ಅದರ ಹತ್ರದ ಉತ್ತರ ಇಳಿಜಾರಿನ ಕಪ್ಪು ಕಾಡು ಗುರುತು ಮಾಡಿ, ಎರಡರ ಮಧ್ಯ ನೀರು, ಇಳಿಜಾರಲ್ಲಿ ಮೆಟ್ಟಿಲು ತರ ಸಮತಟ್ಟಾದ ಜಾಗ, ಬೆಟ್ಟದ ಸಾಲಲ್ಲಿ ತಗ್ಗು ಎಲ್ಲಿದೆ ನೋಡಿ, ಅವು ಓಡಾಡೋ ದಾರಿ ಅದೇ. ನಮ್ಮ ಕಾಡಲ್ಲಿ ಕಾಟಿ ಒಂದೇ ಕಾಲುದಾರಿ ಹಿಡಿದು ಹೋಗೋದು ನೋಡಿದೀರಲ್ಲ, ಹಾಗೇ. ಸೆಪ್ಟೆಂಬರ್ ಬೆದೆ ಕಾಲದಲ್ಲಿ ಗಂಡುಗಳು ಸೀಟಿ ಹೊಡೆದ ಹಾಗೆ ಕೂಗಿ ತಾವೇ ಜಾಗ ಹೇಳ್ತವೆ. ರೈಫಲ್ ಸೀಸನ್ನಿಗೆ ನೀವು ಹೋಗೋ ಅಕ್ಟೋಬರ್ ಕೊನೆಗೆ ಆ ಗದ್ದಲ ಮುಗಿದಿರುತ್ತೆ, ಸುಸ್ತಾದ ಗಂಡುಗಳು ಜನ ಬರದ ಮೂಲೆ ಸೇರಿರ್ತವೆ, ಹೆಣ್ಣುಗಳು ಮಾತ್ರ ಹಿಂಡು ಹಿಂಡಾಗಿ ಇರ್ತವೆ. ಹಿಮ ಜೋರಾಗಿ ಬಿದ್ರೆ ಇಡೀ ಹಿಂಡು ಕೆಳಗೆ ಇಳಿಯುತ್ತೆ, ಹಾಗಾಗಿ ಎತ್ತರದಲ್ಲಿ ಒಂದು ಜಾಗ, ಮಧ್ಯದಲ್ಲಿ ಒಂದು, ಕೆಳಗೆ ಒಂದು ಅಂತ ಮೂರು ಜಾಗ ಇಟ್ಕೊಂಡಿರಿ. ಎರಡು ದಿನ ಹೊಸ ಹಿಕ್ಕೆ, ಹೊಸ ಹೆಜ್ಜೆ ಕಾಣ್ದಿದ್ರೆ ಆ ಜಾಗದ ಮೋಹ ಬಿಟ್ಟು ಎದ್ದು ಹೋಗಿ. ಹಿಕ್ಕೆ ಒತ್ತಿ ನೋಡಿ, ಹಸಿರಾಗಿ ಮೆತ್ತಗಿದ್ರೆ ಹೊಸದು, ಒಣಗಿ ಪುಡಿ ಆದ್ರೆ ಅವು ಬಿಟ್ಟುಹೋಗಿ ಬಹಳ ದಿನ ಆಯ್ತು.

ಇನ್ನು ಗಾಳಿ. ಎಲ್ಕ್ ನಿಮ್ಮನ್ನ ನೋಡಿದ್ರೆ ಒಂದು ಸಲ ಅನುಮಾನ ಪಡುತ್ತೆ, ಸದ್ದು ಕೇಳಿದ್ರೆ ತಿರುಗಿ ನೋಡುತ್ತೆ, ವಾಸನೆ ಹಿಡಿದ್ರೆ ಮಾತ್ರ ಮುಂದಿನ ಕಣಿವೆಗೇ ಹೋಗಿಬಿಡುತ್ತೆ. ಬೆಟ್ಟದಲ್ಲಿ ಗಾಳಿಗೆ ಒಂದು ಟೈಮ್ ಟೇಬಲ್ ಇದೆ. ರಾತ್ರಿಯಿಡೀ ತಣ್ಣಗಾದ ಗಾಳಿ ಬೆಳಿಗ್ಗೆ ನೀರಿನ ತರ ಕೆಳಗೆ ಹರೀತಾ ಇರುತ್ತೆ, ಆಗ ಕೆಳಗಿಂದ ಮೇಲಕ್ಕೆ ಹತ್ತಿ. ಬಿಸಿಲು ಬಿದ್ದು ನೆಲ ಕಾದ್ಮೇಲೆ ಒಂಬತ್ತು ಹತ್ತು ಗಂಟೆ ಹೊತ್ತಿಗೆ ಗಾಳಿ ತಿರುಗಿ ಮೇಲಕ್ಕೆ ಏಳುತ್ತೆ, ಅಷ್ಟರಲ್ಲಿ ನೀವು ಅವುಗಳಿಗಿಂತ ಮೇಲೆ ಇರ್ಬೇಕು. ಸಂಜೆ ಮತ್ತೆ ಕೆಳಗೆ. ತಿರುಗೋ ಆ ಅರ್ಧ ಗಂಟೇಲಿ ಗಾಳಿ ಎಲ್ಲಾ ದಿಕ್ಕಿಗೂ ಸುತ್ತುತ್ತೆ, ಆಗ ಸುಮ್ನೆ ಕೂತ್ಕೊಳ್ಳಿ, ತಿಂಡಿ ತಿನ್ನಿ. ಸಣ್ಣ ಬಾಟಲಲ್ಲಿ ಪೌಡರ್ ಹಾಕ್ಕೊಂಡು ಹತ್ತು ನಿಮಿಷಕ್ಕೊಮ್ಮೆ ಒತ್ತಿ ನೋಡ್ತಾ ಇರಿ, ಸಾವಿರ ಡಾಲರ್ ಬೈನಾಕ್ಯುಲರ್‌ಗಿಂತ ಆ ಪೌಡರ್ ನನಗೆ ಜಾಸ್ತಿ ಎಲ್ಕ್ ತೋರಿಸಿದೆ.

ರೈಫಲ್ ಬಗ್ಗೆ ಜನ ದಿನಗಟ್ಟಲೆ ವಾದ ಮಾಡ್ತಾರೆ, ನಾನು ಬೇಗ ಮುಗಿಸ್ತೀನಿ. ಥರ್ಟಿ ಆಟ್ ಸಿಕ್ಸ್, 308, 270, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, ಈ ತೋಟಾ ಅಳತೆಗಳಲ್ಲಿ ಯಾವುದಾದ್ರೂ ಸರಿ. ಹೆಗಲಿಗೆ ನೋವು ಮಾಡಿ ಕಣ್ಣು ಮುಚ್ಚಿಸೋ ದೊಡ್ಡ ಮ್ಯಾಗ್ನಮ್ ಬೇಡ. ಗುಂಡು ಒಳಗೆ ಹೋಗಿ ಅರಳೋ ಜಾತಿದಾಗಿರ್ಬೇಕು, ಅದು ಕಾನೂನೂ ಹೌದು, ತಾಮ್ರದ ಗುಂಡು ಆದ್ರೆ ಮಾಂಸದಲ್ಲಿ ಸೀಸದ ಚೂರು ಇರಲ್ಲ, ಮನೇಲಿ ಮಕ್ಕಳು ತಿಂತಾರೆ ಅಂದ್ರೆ ಅದನ್ನೇ ತಗೊಳ್ಳಿ. ರೇಂಜಲ್ಲಿ ಬೆಂಚಿನ ಮೇಲೆ ಮರಳು ಚೀಲ ಇಟ್ಟು ಹೊಡೆಯೋದು ಸ್ಕೋಪ್ ಸರಿ ಮಾಡೋಕೆ ಮಾತ್ರ, ಆಮೇಲೆ ಕೂತು, ಮಂಡಿ ಊರಿ, ಕೋಲಿಗೆ ಒರಗಿಸಿ ಅಭ್ಯಾಸ ಮಾಡಿ. ಊಟದ ತಟ್ಟೆಯಷ್ಟು ಜಾಗಕ್ಕೆ ಹತ್ತಕ್ಕೆ ಹತ್ತು ಬೀಳೋ ದೂರ ಎಷ್ಟೋ ಅದೇ ನಿಮ್ಮ ಮಿತಿ, ಮೊದಲ ವರ್ಷ 200 ಗಜ ದಾಟ್ಬೇಡಿ. ಪ್ರಾಣಿ ಪೂರ್ತಿ ಅಡ್ಡ ನಿಂತಿರ್ಬೇಕು, ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗಕ್ಕೆ ಹೊಡೀರಿ, ಹೃದಯ ಶ್ವಾಸಕೋಶ ಅಲ್ಲೇ. ಎಲ್ಕ್ ಬಹಳ ಗಟ್ಟಿ ಜೀವ, ಗುಂಡು ತಗುಲಿದ್ರೂ ಏನೂ ಆಗ್ದಂಗೆ ನಿಂತಿರುತ್ತೆ, ನಿಂತಿರೋ ತನಕ ಇನ್ನೊಂದು ಹೊಡೀರಿ. ಕಣ್ಮರೆ ಆದ್ರೆ ಅದು ನಿಂತಿದ್ದ ಜಾಗ, ಹೋದ ದಿಕ್ಕು ಮ್ಯಾಪಲ್ಲಿ ಗುರುತು ಹಾಕಿ ಅರ್ಧ ಗಂಟೆ ಕಾದು, ಆಮೇಲೆ ರಕ್ತದ ಜಾಡು ಹಿಡೀರಿ. ತಪ್ಪಿತು ಅನ್ಸಿದ್ರೂ ಹೋಗಿ ನೋಡದೆ ಬರ್ಬೇಡಿ.

ಗುಂಡು ಹೊಡೆಯೋ ಮುಂಚೆ ಇನ್ನೊಂದು, ಅದು ಎಲ್ಕೇನಾ ಅಂತ ನೋಡಿ. ನಗು ಬರ್ಬೋದು ನಿಮಗೆ, ಆದ್ರೆ ಎಲ್ಕ್ ಅಂದ್ಕೊಂಡು ಮೂಸ್ (ಎಲ್ಕಿಗಿಂತ ದೊಡ್ಡ ಜಿಂಕೆ ಜಾತಿ) ಹೊಡೆದು ಸಿಕ್ಕಿಹಾಕ್ಕೊಳ್ಳೋರ ಬಗ್ಗೆ ಇಲಾಖೆ ಪದೇ ಪದೇ ಎಚ್ಚರಿಕೆ ಕೊಡುತ್ತೆ. ಮೂಸ್ ಮೈಯೆಲ್ಲಾ ಕಪ್ಪು ಕಂದು, ಮೂಗು ಉದ್ದ ದಪ್ಪ, ಗಂಡಿನ ಕೊಂಬು ಅಂಗೈ ಹರಡಿದ ಹಾಗೆ ಅಗಲ. ಎಲ್ಕಿನ ಕತ್ತು ಗಾಢ ಕಂದು, ಮೈ ತಿಳಿ ಬಣ್ಣ, ಹಿಂಭಾಗದಲ್ಲಿ ದೊಡ್ಡ ಮಾಸಲು ಹಳದಿ ಮಚ್ಚೆ. ಆ ಮಚ್ಚೆ ಕಾಣೋ ತನಕ ಬೆರಳು ಟ್ರಿಗರ್ ಹತ್ರ ಹೋಗ್ಬಾರ್ದು.

ಬಿದ್ಮೇಲೆ ನಿಜವಾದ ಕೆಲ್ಸ. ಮೊದ್ಲು ಟ್ಯಾಗಿಗೆ ತಾರೀಕು ಹಾಕಿ ಸಹಿ. ಆಮೇಲೆ ಹೊಟ್ಟೆ ಸೀಳದೆ ಮಾಡೋ ಕ್ರಮ ಕಲ್ತಿರಿ, ಮನೇಲಿ ವಿಡಿಯೋ ನೋಡಿ ನಾಲ್ಕು ಸಲ. ಪ್ರಾಣೀನ ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನು ಮೂಳೆ ಉದ್ದಕ್ಕೂ ಚರ್ಮ ಸೀಳಿ ಹೊಟ್ಟೆ ಕಡೆ ಎಳೆದು ಬಿಡಿಸಿ. ಮುಂಗಾಲಿಗೆ ಮೂಳೆ ಕೀಲು ಇಲ್ಲ, ಎತ್ತಿ ಹಿಡಿದು ಒಳಗಿಂದ ಚಾಕು ಆಡಿಸಿದ್ರೆ ಪೂರ್ತಿ ಬಂದುಬಿಡುತ್ತೆ. ಹಿಂಗಾಲಿಗೆ ಸೊಂಟದ ಗುಂಡು ಕೀಲು ಹುಡುಕಿ ಅಲ್ಲೇ ಬಿಡಿಸ್ಬೇಕು. ಬೆನ್ನಿನ ಉದ್ದ ಮಾಂಸ, ಕತ್ತು, ಪಕ್ಕೆಲುಬಿನ ಮಧ್ಯದ್ದು ತೆಗೆದು, ಮಗ್ಗುಲು ತಿರುಗಿಸಿ ಅದೇ ಕೆಲ್ಸ. ಕೊನೆ ಪಕ್ಕೆಲುಬಿನ ಹಿಂದೆ ಸಣ್ಣ ಸೀಳು ಮಾಡಿ ಕೈ ಹಾಕಿದ್ರೆ ಒಳಗಿನ ಟೆಂಡರ್‌ಲಾಯಿನ್ ಸಿಗುತ್ತೆ. ಒಂದು ತೊಡೆಗೆ ಗಂಡೋ ಹೆಣ್ಣೋ ಅಂತ ತೋರಿಸೋ ಅಂಗ ಅಂಟಿಕೊಂಡೇ ಇರ್ಬೇಕು, ಹೆಣ್ಣಾದ್ರೆ ಕೆಚ್ಚಲಿನ ಭಾಗ ಕತ್ತರಿಸದೆ ಹಾಗೇ ಬಿಡಿ, ದಾರೀಲಿ ಆಫೀಸರ್ ನೋಡಿದ್ರೆ ಅದನ್ನೇ ಕೇಳೋದು. ತಿನ್ನೋ ಮಾಂಸ ಕಾಡಲ್ಲಿ ಬಿಟ್ಟು ಬರೋದು ಅಪರಾಧ.

ಕೆಡೋದು ಬಿಸಿಯಿಂದ. ಚರ್ಮ ಬಿಡಿಸಿದ ತಕ್ಷಣ ಒಂದೊಂದೇ ತುಂಡನ್ನ ಬಟ್ಟೆಯ ಗೇಮ್ ಬ್ಯಾಗಿಗೆ ಹಾಕಿ ನೆರಳಲ್ಲಿ ಕೊಂಬೆಗೆ ತೂಗು ಹಾಕಿ, ಗಾಳಿ ಆಡ್ಲಿ. ಪ್ಲಾಸ್ಟಿಕ್ ಚೀಲ ಯಾವತ್ತೂ ಬೇಡ, ಒಳಗೇ ಬೆವರುತ್ತೆ. ನನ್ನ ತೊಡೆ ಕೆಟ್ಟಿದ್ದು ಸೊಂಟದ ಮೂಳೆ ಹತ್ರ ಬಿಸಿ ಉಳಿದಿದ್ದಕ್ಕೆ. ರಾತ್ರಿ ಬಿಟ್ಟು ಬರ್ಬೇಕಾದ್ರೆ ಮೂಳೆ ತನಕ ಸೀಳಿ ತೆರೆದಿಡಿ ಅಥವಾ ಮೂಳೆ ತೆಗೆದೇ ಬಿಡಿ, ಅವಶೇಷ ಬಿದ್ದಿರೋ ಜಾಗದಿಂದ ನೂರು ಗಜ ದೂರ ತೂಗು ಹಾಕಿ, ಕರಡಿ ಬಂದ್ರೆ ಮೊದ್ಲು ಕರುಳಿಗೆ ಬರುತ್ತೆ. ಇಲ್ಲಿರೋದು ಕಪ್ಪು ಕರಡಿ, ವಾಪಸ್ ಹೋಗುವಾಗ ದೂರದಿಂದ ಮಾತಾಡ್ಕೊಂಡು ಸದ್ದು ಮಾಡ್ಕೊಂಡು ಹೋಗಿ. ಕಾರಲ್ಲಿ ಎರಡು ದೊಡ್ಡ ಕೂಲರ್, ಐಸು ಮೊದ್ಲೇ ರೆಡಿ ಇರ್ಲಿ.

ಮೈ ತಯಾರಿ ಈಗಿಂದಲೇ ಶುರು ಮಾಡಿ. ಜಿಮ್ಮಿಗಿಂತ ಬೆನ್ನ ಮೇಲೆ ಅಕ್ಕಿ ಮೂಟೆ ಹಾಕ್ಕೊಂಡು ಗುಡ್ಡ ಹತ್ತಿ ಇಳಿಯೋದು ಮೇಲು, ಐದು ಕೆಜಿಯಿಂದ ಶುರು ಮಾಡಿ ಸೆಪ್ಟೆಂಬರ್ ಹೊತ್ತಿಗೆ 25 ಕೆಜಿ ಹೊತ್ತು ಎರಡು ಗಂಟೆ ನಡೆಯೋ ಹಾಗಾಗ್ಬೇಕು. ಅದೇ ಬೂಟು ಹಾಕ್ಕೊಂಡು, ಯಾಕಂದ್ರೆ ಹೊಸ ಬೂಟಲ್ಲಿ ಹೋದವನು ಎರಡನೇ ದಿನ ಬೊಬ್ಬೆ ಎದ್ದು ಟೆಂಟಲ್ಲಿ ಕೂರ್ತಾನೆ. ಡಲ್ಲಾಸ್ ಸಮುದ್ರ ಮಟ್ಟದಿಂದ ಐನೂರು ಅಡಿ ಹತ್ರ ಅಷ್ಟೇ, ಫ್ರೆಂಡಿಗೆ ಎರಡು ದಿನ ಮುಂಚೆ ಬರೋಕೆ ಹೇಳಿ, ಒಂದು ರಾತ್ರಿ ನಿಮ್ಮ ಮನೆ, ಒಂದು ರಾತ್ರಿ ಬೆಟ್ಟದ ಕೆಳಗಿನ ಊರು. ತಲೆನೋವು, ವಾಂತಿ ಬಂದಂಗೆ ಆದ್ರೆ ಮೇಲೆ ಹೋಗೋದು ನಿಲ್ಸಿ, ಉಸಿರು ಕಟ್ಟಿ ಕೆಮ್ಮು ಶುರು ಆದ್ರೆ ಎಷ್ಟೊತ್ತಾಗಿದ್ರೂ ಕೆಳಗೆ ಇಳಿಸಿ ಆಸ್ಪತ್ರೆಗೆ. ಕಾಟನ್ ಬನಿಯನ್ ಜೀನ್ಸ್ ಮನೇಲೇ ಇರ್ಲಿ, ಒದ್ದೆ ಆದ್ರೆ ಅದು ಮೈ ಶಾಖ ಹೀರುತ್ತೆ, ಉಣ್ಣೆ ಹಾಕಿ. ಸ್ಯಾಟಲೈಟ್ ಮೆಸೇಜರ್ ಒಂದು ಬಾಡಿಗೆಗಾದ್ರೂ ತನ್ನಿ, ದಿನಾ ಸಂಜೆ ಮನೆಯವರಿಗೆ ಒಂದು ಮೆಸೇಜ್.

ಖರ್ಚು ಕೇಳಿದ್ರಲ್ಲ. ರೈಫಲ್ಲು ಸ್ಕೋಪು ಸೇರಿ 800ರಿಂದ 1200 ಡಾಲರ್, ಅಂಗಡಿಗೆ ಹೋಗುವಾಗ ಹಂಟಿಂಗ್ ಲೈಸೆನ್ಸ್ ಮರೀಬೇಡಿ, ಇಲ್ಲಿ ಮೂರು ದಿನ ಕಾಯೋ ನಿಯಮಾನೂ ಇದೆ. ಒಳ್ಳೆ ಬೂಟಿಗೆ 250, ಮಾಂಸ ಹೊರೋ ಫ್ರೇಮ್ ಇರೋ ಬ್ಯಾಗಿಗೆ 300, ಈ ಎರಡರಲ್ಲಿ ಜಿಪುಣತನ ಬೇಡ. ಮರೆಬಣ್ಣದ ಬ್ರ್ಯಾಂಡೆಡ್ ಬಟ್ಟೆಗೆ ಒಂದು ಪೈಸೆ ಹಾಕ್ಬೇಡಿ, ಹೆಂಗೂ ಮೇಲೆ ಕೇಸರಿ ಹಾಕ್ತೀರ. ಮತ್ತೆ ಒಂದು ಮಾತು ಮೊದ್ಲೇ ಗೊತ್ತಿರ್ಲಿ, ರಾಜ್ಯದಲ್ಲಿ ಒಟ್ಟಾರೆ ಎಲ್ಕ್ ಸಿಗೋದು ಸುಮಾರು ಐದು ಜನದಲ್ಲಿ ಒಬ್ರಿಗೆ. ಮೊದಲ ವರ್ಷ ಖಾಲಿ ಕೈಲಿ ಬಂದ್ರೆ ದುಡ್ಡು ಹೋಯ್ತು ಅಂದ್ಕೊಳ್ಳೋರು ಈ ಕೆಲ್ಸಕ್ಕೆ ಬರ್ಬಾರ್ದು, ಆ ಯುನಿಟ್ ಕಲಿತ್ರಲ್ಲ, ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ.

ಸಿಕ್ಕಿದ್ರೆ ತಲೆಯನ್ನ ಇಲಾಖೆಗೆ ಕೊಟ್ಟು ಸಿಡಬ್ಲ್ಯುಡಿ ಟೆಸ್ಟ್ ಮಾಡಿಸಿ. ಜಿಂಕೆ ಜಾತಿಗೆ ಬರೋ ಮೆದುಳಿನ ರೋಗ ಅದು, ಮನುಷ್ಯರಿಗೆ ಬಂದಿದ್ದು ಇಲ್ಲಿವರೆಗೂ ಕಂಡಿಲ್ಲ, ಆದ್ರೂ ಪಾಸಿಟಿವ್ ಬಂದ ಮಾಂಸ ತಿನ್ಬೇಡಿ ಅಂತಲೇ ಆರೋಗ್ಯ ಇಲಾಖೆ ಹೇಳೋದು. ಟೆಸ್ಟ್ ಕಡ್ಡಾಯ ಮಾಡಿರೋ ಯುನಿಟ್‌ಗಳಲ್ಲಿ ಫ್ರೀ, ಬೇರೆ ಕಡೆ ಸಣ್ಣ ಫೀಸು. ಫ್ರೆಂಡ್ ಡಲ್ಲಾಸಿಗೆ ಒಯ್ಯೋ ಪಾಲಲ್ಲಿ ಬೆನ್ನುಮೂಳೆ, ತಲೆ ಇರ್ಬಾರ್ದು, ಮೂಳೆ ತೆಗೆದ ಮಾಂಸ ಮಾತ್ರ. ರಿಪೋರ್ಟ್ ಬರೋ ತನಕ ಪ್ಯಾಕೆಟ್ ಮೇಲೆ ತಾರೀಕು, ಯಾವ ಭಾಗ ಅಂತ ಬರೆದು ಫ್ರೀಜರಲ್ಲಿಡಿ. ನೆಗೆಟಿವ್ ಬಂದ ದಿನ ಮೊದ್ಲು ಮಾಡ್ಬೇಕಾದ್ದು ಮೊಣಕಾಲಿನ ಕೆಳಗಿನ ಮಾಂಸ, ಎಲ್ರೂ ಗಟ್ಟಿ ಅಂತ ಕೈಮಾ ಮಾಡಿಬಿಡ್ತಾರೆ. ಎಲ್ಕಲ್ಲಿ ಕೊಬ್ಬೇ ಇಲ್ಲ, ಹಾಗಾಗಿ ಎಣ್ಣೆ ಸ್ವಲ್ಪ ಮುಂದಿರ್ಲಿ, ಹುರಿದ ಮೆಣಸು ಜೀರಿಗೆ ಕೊತ್ತಂಬರಿ ಪುಡಿ ಹಾಕಿ ಕುಕ್ಕರಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಕೊನೇಲಿ ಊರಿಂದ ತಂದ ಕಾಚಂಪುಳಿ ಒಂದು ಚಮಚ. ಆಫೀಸಲ್ಲಿ ನಿಮಗೆ ಮಾಂಸ ಕೊಡ್ತಿದ್ರಲ್ಲ, ಅವರಿಗೆ ಮೊದಲ ಡಬ್ಬಿ.